ಮೊದಲು ಗಿಡ, ಆಮೇಲೆ ಮೀನು

ಸತ್ತ ಏಳು ಮೀನುಗಳನ್ನು ಮಗಳು ದಾಸವಾಳದ ಕುಂಡದಲ್ಲಿ ಹೂತಳು. ಆಗ ಅವಳಿಗೆ ಎಂಟು ವರ್ಷ. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಒಂದೊಂದನ್ನೇ ಮಲಗಿಸಿದ್ದಳು. ಗಾಜಿನ ತೊಟ್ಟಿ, ನೀಲಿ ಬಣ್ಣ ಬಳಿದ ಜಲ್ಲಿ, ಗುಳ್ಳೆ ಬಿಡುವ ಪ್ಲಾಸ್ಟಿಕ್ ಚಿಪ್ಪು, ಮೀನು, ಮೀನಿನ ಆಹಾರ ಎಲ್ಲವೂ ಒಂದೇ ಸಂಜೆ ಮನೆಗೆ ಬಂದಿದ್ದವು. ಆ ಸಂಜೆಯೇ ನಲ್ಲಿ ನೀರು ತುಂಬಿಸಿ ಮೀನು ಬಿಟ್ಟೆವು. ಮೂರನೆಯ ದಿನಕ್ಕೆ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಐದನೆಯ ದಿನ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಂಗಡಿಯವರನ್ನು ಕೇಳಿದರೆ, “ಪೂರ್ತಿ ನೀರು ಚೆಲ್ಲಿ, ಕಲ್ಲು ತೊಳೆದು, ಹೊಸ ನೀರು ಹಾಕಿ ಮೇಡಂ” ಎಂದರು. ಹಾಗೇ ಮಾಡಿದೆವು. ಉಳಿದಿದ್ದ ಎರಡೂ ಮಾರನೆಯ ಬೆಳಿಗ್ಗೆ ಇರಲಿಲ್ಲ.

“ಅಮ್ಮಾ, ನಾವು ಏನು ತಪ್ಪು ಮಾಡಿದ್ವಿ?” ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಈಗ ಇದೆ. ಮೀನು ತಾನು ತಿಂದದ್ದರ ಕಸವನ್ನು ಅಮೋನಿಯಾ ರೂಪದಲ್ಲಿ, ಬಹುಪಾಲು ಕಿವಿರುಗಳ ಮೂಲಕವೇ, ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಹೊಳೆಯಲ್ಲಿ, ಕೆರೆಯಲ್ಲಿ ಇದನ್ನು ಅರಗಿಸಿಕೊಳ್ಳುವ ಬ್ಯಾಕ್ಟೀರಿಯಾಗಳು ಕಲ್ಲು, ಮಣ್ಣು, ಬೇರಿನ ಮೇಲೆಲ್ಲ ಅಂಟಿಕೊಂಡಿರುತ್ತವೆ. ನೈಟ್ರೊಸೊಮೊನಾಸ್ ಗುಂಪಿನವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ. ನೈಟ್ರೊಸ್ಪೈರಾ ಎಂಬ ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಕೇಡು ಮಾಡದು, ಗಿಡಕ್ಕಂತೂ ಗೊಬ್ಬರ. ಹೊಸ ತೊಟ್ಟಿಯಲ್ಲಿ ಈ ಎರಡೂ ಗುಂಪು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾವು ಒಂದು ಗಂಟೆಯನ್ನೂ ಕೊಟ್ಟಿರಲಿಲ್ಲ. ಐದು ದಿನದಲ್ಲಿ ಕಲ್ಲಿನ ಮೇಲೆ ಕೂತಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾವನ್ನೂ ತಿಕ್ಕಿ ತೊಳೆದು, ಕ್ಲೋರಿನ್ ಇದ್ದ ನೀರನ್ನು ನೇರವಾಗಿ ಸುರಿದಿದ್ದೆವು.

ಖಾಲಿ ತೊಟ್ಟಿ ಎರಡು ವರ್ಷ ಅಟ್ಟದ ಮೇಲಿತ್ತು. ಅದನ್ನು ಕೆಳಗಿಳಿಸುವ ಮನಸ್ಸು ಬಂದದ್ದು ಅತ್ತೆಯ ಒಂದು ಮಾತಿನಿಂದ. ಅವರ ತವರು ಸಾಗರದ ಕಡೆ. ಸೊಳ್ಳೆಮರಿ ತಿನ್ನಲೆಂದು ಮನೆಯ ಬಾವಿಗೆ ಮೀನು ಬಿಡುವುದು ಅಲ್ಲಿ ವಾಡಿಕೆ. “ನಮ್ಮ ಬಾವೀಲಿ ಮೀನು ಇತ್ತಲ್ಲೇ. ಅದಕ್ಕೆ ಯಾರು ಗಾಳಿ ಊದ್ತಿದ್ರು? ಯಾರು ಊಟ ಹಾಕ್ತಿದ್ರು? ವರ್ಷಗಟ್ಟಲೆ ಇರ್ತಿದ್ವು” ಎಂದರು. ಆ ಬಾವಿಯನ್ನು ನಾನೂ ನೋಡಿದ್ದೇನೆ. ಒಳಗೋಡೆಯ ಸಂದುಗಳಲ್ಲೆಲ್ಲ ಜರಿಗಿಡ, ಹಾವಸೆ, ನೀರಿಗೆ ಇಳಿಬಿದ್ದ ಬೇರುಗಳು. ಬಗ್ಗಿ ನೋಡಿದರೆ ಸಾವಿರಾರು ಬಿಂದಿಗೆ ನೀರಿನಲ್ಲಿ ಬೆರಳುದ್ದದ ನಾಲ್ಕೈದು ನೆರಳು. ನಮ್ಮ ತೊಟ್ಟಿಯಲ್ಲಿ ಈ ಲೆಕ್ಕ ತಲೆಕೆಳಗಾಗಿತ್ತು. ಒಂದು ಹಸಿರು ಎಲೆಯೂ ಇಲ್ಲದ ಮೂರು ಬಕೆಟ್ ನೀರಿಗೆ ಏಳು ಮೀನು.

ಆಮೇಲೆ ಓದುತ್ತ ಹೋದಾಗ, ಅತ್ತೆಯ ಬಾವಿಯ ಲೆಕ್ಕವನ್ನು ಗಾಜಿನ ಪಾತ್ರೆಯಲ್ಲಿ ಪ್ರಯೋಗ ಮಾಡಿ ನೋಡಿದವರೊಬ್ಬರು ಸಿಕ್ಕರು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ಅವರು ಒಂದು ಪಾತ್ರೆಯಲ್ಲಿ ಮರಳು, ಕಲ್ಲು ಹಾಕಿ, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟು, ಎರಡು ಚಿನ್ನದ ಮೀನು ಬಿಟ್ಟರು. ಕೆಲ ಕಾಲ ಎಲ್ಲ ಸರಿಯಿತ್ತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಅವರು ಕೊಳದ ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತ ಎಲೆಯನ್ನೂ ಗಾಜಿನ ಲೋಳೆಯನ್ನೂ ತಿಂದವು, ನೀರು ತಿಳಿಯಾಯಿತು. ಮೀನು, ಗಿಡ, ಹುಳು ಒಂದನ್ನೊಂದು ಸಾಕಿಕೊಳ್ಳುವ ಈ ಏರ್ಪಾಟಿನ ವರದಿಯನ್ನು ಅವರು ಕೆಮಿಕಲ್ ಸೊಸೈಟಿಗೆ ಒಪ್ಪಿಸಿದ್ದು 1850ರಲ್ಲಿ. ‘ಅಕ್ವೇರಿಯಂ’ ಎಂಬ ಹೆಸರನ್ನು ಫಿಲಿಪ್ ಹೆನ್ರಿ ಗಾಸ್ ತಮ್ಮ ಪುಸ್ತಕಕ್ಕೆ ಇಟ್ಟು ಮನೆಮಾತು ಮಾಡಿದ್ದು ಅದಕ್ಕೂ ನಾಲ್ಕು ವರ್ಷ ಆಮೇಲೆ. ಗಾಳಿಯ ಪಂಪು, ಫಿಲ್ಟರು, ವಿದ್ಯುತ್ತು ಯಾವುದೂ ಇಲ್ಲದ ಕಾಲದ ಮಾತು ಇದು.

ಅದೇ ದಾರಿಯನ್ನು ನಮ್ಮ ಕಾಲಕ್ಕೆ ಮತ್ತೆ ತೆರೆದವರು ಅಮೆರಿಕದ ಡಯಾನಾ ವಾಲ್‌ಸ್ಟಡ್. 1999ರಲ್ಲಿ ಬಂದ ಅವರ ‘ಎಕಾಲಜಿ ಆಫ್ ದಿ ಪ್ಲಾಂಟೆಡ್ ಅಕ್ವೇರಿಯಂ’ ಪುಸ್ತಕದ ಮುಖ್ಯ ವಾದ ಇಷ್ಟು: ಬಹಳಷ್ಟು ನೀರುಗಿಡಗಳು ನೈಟ್ರೇಟಿಗಿಂತ ಮೊದಲು ಅಮೋನಿಯಾವನ್ನೇ ಬಯಸಿ ಹೀರುತ್ತವೆ. ಆದ್ದರಿಂದ ಗಿಡ ಚೆನ್ನಾಗಿ ಬೆಳೆಯುತ್ತಿದ್ದರೆ ಅದೇ ಫಿಲ್ಟರು. ಗಿಡ ಚೆನ್ನಾಗಿ ಬೆಳೆಯಲು ತೊಟ್ಟಿಯ ತಳದಲ್ಲಿ ಸಾದಾ ಮಣ್ಣು ಇರಲಿ. ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ ಮಾಡಿ ತೋರಿಸಿದ ನೀರೊಳಗಿನ ತೋಟಗಳ ಚಿತ್ರ ನೋಡಿದವರಿಗೆ ಅಂಥದ್ದೇ ಬೇಕೆನ್ನಿಸುವುದು ಸಹಜ. ಅವು ನಿಜಕ್ಕೂ ಕಣ್ಣಿಗೆ ಹಬ್ಬ. ಆದರೆ ಆ ಬಗೆಯ ತೊಟ್ಟಿಗೆ ಇಂಗಾಲದ ಡೈಆಕ್ಸೈಡಿನ ಸಿಲಿಂಡರು, ಪ್ರಖರ ದೀಪ, ದ್ರವ ಗೊಬ್ಬರ, ವಾರವಾರದ ಕತ್ತರಿ ಕೆಲಸ ಎಲ್ಲ ಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ನಡೆಯುವುದಿಲ್ಲ. ನಡೆಯುವಂಥದ್ದು ಮಣ್ಣಿನ ತೊಟ್ಟಿ.

ನಮ್ಮದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು. ಇದಕ್ಕಿಂತ ಚಿಕ್ಕದು ಸುಲಭ ಎಂದು ಹೊಸಬರು ಅಂದುಕೊಳ್ಳುತ್ತಾರೆ. ನೀರು ಕಡಿಮೆಯಾದಷ್ಟೂ ಅದು ಬೇಗ ಬಿಸಿಯಾಗುತ್ತದೆ, ಬೇಗ ಕೆಡುತ್ತದೆ; ಚಿಕ್ಕ ತೊಟ್ಟಿಯೇ ಕಷ್ಟದ್ದು. ಮಣ್ಣು, ಜಲ್ಲಿಯ ಜಾಗ ಕಳೆದು, ಮೇಲೆ ಒಂದಿಂಚು ಬಿಟ್ಟರೆ ಇದರಲ್ಲಿ ಸುಮಾರು 40 ಲೀಟರ್ ನೀರು ನಿಲ್ಲುತ್ತದೆ. ಗಾಜು, ಮಣ್ಣು, ಕಲ್ಲು ಸೇರಿ ಒಟ್ಟು ತೂಕ 65 ಕಿಲೋ ಹತ್ತಿರ, ಅಂದರೆ ಒಬ್ಬ ದೊಡ್ಡವರ ತೂಕ. ಟೀಪಾಯಿಯ ಮೇಲೆ ಇಡುವ ಮಾತಲ್ಲ. ಅಲುಗಾಡದ, ಮಟ್ಟಸವಾದ ಮೇಜಿನ ಮೇಲೆ ಒಂದು ಥರ್ಮೊಕೋಲ್ ಹಾಳೆ ಹಾಸಿ ಅದರ ಮೇಲೆ ತೊಟ್ಟಿ ಇಡಬೇಕು. ಜಾಗ ಗಟ್ಟಿಮಾಡಿಕೊಂಡೇ ತುಂಬಿಸಿ, ಒಮ್ಮೆ ತುಂಬಿದ ಮೇಲೆ ಸರಿಸುವಂತಿಲ್ಲ. ನೇರ ಬಿಸಿಲು ಬೀಳುವ ಕಿಟಕಿ ಬೇಡ, ಪಾಚಿ ಮುತ್ತಿಕೊಳ್ಳುತ್ತದೆ.

ಮಣ್ಣನ್ನು ಅತ್ತೆಯ ತವರಿನಿಂದಲೇ ತಂದೆವು. ಅಡಿಕೆ ತೋಟದ ಅಂಚಿನ, ಯಾವ ಗೊಬ್ಬರವನ್ನೂ ಔಷಧಿಯನ್ನೂ ಕಾಣದ ಕೆಮ್ಮಣ್ಣು. ಕೆಂಪು ಎಂದರೆ ಕಬ್ಬಿಣ. ಗಿಡಕ್ಕೆ ಅದು ಬೇಕು. ಬೆಂಗಳೂರಿನಲ್ಲಿ ಇರುವವರು ಕೆರೆ ಗೋಡಿನ ಆಸೆ ಮಾಡಬೇಡಿ. ನಮ್ಮ ಅಜ್ಜಂದಿರು ಗದ್ದೆಗೆ ಹೊಡೆಸುತ್ತಿದ್ದ ಗೋಡು ಬೇರೆ, ಚರಂಡಿ ನೀರು ಕುಡಿದ ಇವತ್ತಿನ ನಗರದ ಕೆರೆಗಳ ಹೂಳು ಬೇರೆ. ನರ್ಸರಿಯ ಕೆಮ್ಮಣ್ಣು ಸಾಕು, ಆದರೆ ಗೊಬ್ಬರ ಬೆರೆಸದ್ದನ್ನು ಕೇಳಿ ತನ್ನಿ. ಸಗಣಿ ಗೊಬ್ಬರ, ಎರೆಗೊಬ್ಬರ ಹಾಕಿದರೆ ತಿಂಗಳುಗಟ್ಟಲೆ ಅಮೋನಿಯಾ ಏಳುತ್ತದೆ.

ಜರಡಿ ಹಿಡಿದು ಕಡ್ಡಿ ಕಸ ತೆಗೆದೆವು. ಬಕೆಟ್ಟಿನಲ್ಲಿ ನೀರು ಹಾಕಿ ಕಲಕಿ, ತೇಲಿದ್ದನ್ನು ಬಸಿದು, ಮತ್ತೆ ನೀರು, ಮತ್ತೆ ಬಸಿಯುವುದು, ಹೀಗೆ ನಾಲ್ಕು ಸಲ. ಆಮೇಲೆ ಅಂಗಳದಲ್ಲಿ ಪೇಪರ್ ಮೇಲೆ ಹರವಿ ಒಣಗಿಸಿ, ಮತ್ತೊಮ್ಮೆ ನೆನೆಸಿ, ಮತ್ತೆ ಒಣಗಿಸಿದೆವು. ಬೇಗ ಕೊಳೆಯುವಂಥದ್ದೆಲ್ಲ ಹೀಗೆ ಹೊರಗೇ ಕೊಳೆತು ಮುಗಿಯಲಿ ಎಂದು. ನಮ್ಮ ತೊಟ್ಟಿಗೆ ಬೇಕಾದದ್ದು ನಾಲ್ಕೂವರೆ ಲೀಟರಿನಷ್ಟು ಮಣ್ಣು, ಒಂದು ಇಂಚು ದಪ್ಪಕ್ಕೆ. ಅದರ ಮೇಲೆ ಇನ್ನೊಂದು ಇಂಚು ಜಲ್ಲಿ ಮುಚ್ಚಬೇಕು. ಜಲ್ಲಿ ಸಾಸಿವೆಗಿಂತ ದಪ್ಪ, ಜೋಳದ ಕಾಳಿಗಿಂತ ಸಣ್ಣ ಇದ್ದರೆ ಸರಿ. ತೀರ ನುಣುಪಾದ ಮರಳು ಕೆಳಗಿನ ಮಣ್ಣಿಗೆ ಉಸಿರಾಡಲು ಬಿಡದು. ಎಂ–ಸ್ಯಾಂಡ್ ಬೇಡವೇ ಬೇಡ: ಅಂಚು ಹರಿತ, ದೂಳು ತೊಳೆದಷ್ಟೂ ಬರುತ್ತದೆ. ಮಣ್ಣು ಎರಡು ಇಂಚು ಮೀರಿದರೂ ತೊಂದರೆಯೇ, ತಳದಲ್ಲಿ ಗಾಳಿಯಾಡದೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ.

ಅಲಂಕಾರಕ್ಕೆ ಕಲ್ಲು ಇಡುವುದಾದರೆ ಮೊದಲು ಅದರ ಮೇಲೆ ನಿಂಬೆಹಣ್ಣು ಹಿಂಡಿ. ನೊರೆನೊರೆಯಾಗಿ ಚುರುಗುಟ್ಟಿದರೆ ಅದರಲ್ಲಿ ಸುಣ್ಣದ ಅಂಶ ಇದೆ ಎಂದರ್ಥ. ಅಂಥ ಕಲ್ಲು, ಸಮುದ್ರದ ಚಿಪ್ಪು ನೀರಿನ ಗಡಸುತನ ಹೆಚ್ಚಿಸುತ್ತವೆ. ಮನೆ ಕಟ್ಟುವವರ ಕಡೆ ಸಿಗುವ ಸಾದಾ ಕರಿಕಲ್ಲು ಒಳ್ಳೆಯದು.

ನೀರಿನ ಮಾತು ಬಂತು. ಬೆಂಗಳೂರಿನ ಮನೆಗಳಲ್ಲಿ ಎರಡು ಬಗೆಯ ನೀರು, ಕಾವೇರಿ ನೀರು ಮತ್ತು ಬೋರ್‌ವೆಲ್ ನೀರು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಎರಡೂ ಸಂಪಿನಲ್ಲಿ ಬೆರೆತಿರುತ್ತವೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ–ಕ್ಲೋರಿನ್ ಹನಿ ಹಾಕಬೇಕು. ಗೀಸರಿನಲ್ಲಿ, ಟೀ ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವ ಬೋರ್‌ವೆಲ್ ನೀರನ್ನು ಕಂಡು ಹೆದರುವವರೇ ಹೆಚ್ಚು. ನನ್ನ ಮನೆಯದು ಬಹುಪಾಲು ಅಂಥದ್ದೇ ನೀರು. ಅದನ್ನು ಮೆದು ಮಾಡಲು ಆರ್‌ಒ ಯಂತ್ರದ ಹಿಂದೆ ಬೀಳುವ ಬದಲು, ಗಡಸು ನೀರನ್ನು ಇಷ್ಟಪಡುವ ಗಿಡವನ್ನೇ ತಂದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಎರಡೂ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟಿನಿಂದಲೇ ತಮಗೆ ಬೇಕಾದ ಇಂಗಾಲ ಪಡೆಯಬಲ್ಲವು. ಸಿಲಿಂಡರು ಕೊಡುವುದನ್ನು ನಮ್ಮ ಬೋರ್‌ವೆಲ್ಲೇ ಒಂದಿಷ್ಟು ಕೊಡುತ್ತದೆ. ಎರಡೂ ನಮ್ಮ ದೇಶದ ಕೆರೆ ಹೊಳೆಗಳಲ್ಲೇ ಬೆಳೆಯುವ ಗಿಡಗಳು. ಬರೀ ಆರ್‌ಒ ನೀರಿನಲ್ಲಿ ಖನಿಜವೇ ಇರದು. ಗಿಡಕ್ಕೂ ಮೀನಿಗೂ ಅದು ಬಡ ನೀರು.

ಇವುಗಳ ಜೊತೆಗೆ ಕ್ರಿಪ್ಟೋಕೊರೈನ್ ತಂದೆ. ನಿಧಾನವಾಗಿ ಬೆಳೆಯುವ, ಮಂದ ಬೆಳಕಿಗೂ ಒಗ್ಗುವ ಗಿಡ. ಇದರ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ತೊರೆಗಳ ಅಂಚಿನಲ್ಲೇ ಇವೆ. ಹಾಗೆಂದು ಚಾರಣಕ್ಕೆ ಹೋದಾಗ ಕಿತ್ತು ತರಬೇಡಿ. ನರ್ಸರಿಯಲ್ಲಿ ಬೆಳೆಸಿದ್ದು ಅಗ್ಗವಾಗಿಯೇ ಸಿಗುತ್ತದೆ. ಅನುಬಿಯಾಸ್, ಜಾವಾ ಫರ್ನ್ ಎರಡನ್ನೂ ಕಲ್ಲಿಗೆ ದಾರದಲ್ಲಿ ಕಟ್ಟಿದೆ. ಅವುಗಳ ಗೆಡ್ಡೆಯಂಥ ಕಾಂಡವನ್ನು ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ. ಮೇಲೆ ತೇಲಲು ಒಂದು ಹಿಡಿ ಸಾಲ್ವೀನಿಯಾ. ತೇಲುಗಿಡಗಳ ಎಲೆ ಗಾಳಿಯಲ್ಲಿ, ಬೇರು ಇಲ್ಲವೇ ಬೇರಿನಂಥ ಭಾಗ ನೀರಿನಲ್ಲಿ. ಆದ್ದರಿಂದ ಅವು ಬೇರೆಲ್ಲ ಗಿಡಕ್ಕಿಂತ ಬೇಗ ಬೆಳೆದು, ಆರಂಭದ ದಿನಗಳ ಅಮೋನಿಯಾವನ್ನು ಹೀರುತ್ತವೆ. ತಂದ ಗಿಡಗಳನ್ನು ತಿಳಿ ಗುಲಾಬಿ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು ನೆಟ್ಟೆ.

ನೆಡುವ ದಿನ ಒಂದು ಭಾನುವಾರ ಪೂರ್ತಿ ಹೋಯಿತು. ನನ್ನ ಪಾಲಿಗೆ ಇಡೀ ಕೆಲಸದಲ್ಲಿ ಅತ್ಯಂತ ಸುಖದ ದಿನವೂ ಅದೇ. ಜಲ್ಲಿಯ ಮೇಲೆ ಎರಡು ಬೆರಳು ನೀರು ನಿಲ್ಲಿಸಿಕೊಂಡು, ಚಿಮ್ಮಟದಲ್ಲಿ ಬೇರನ್ನು ಹಿಡಿದು ಓರೆಯಾಗಿ ಮಣ್ಣಿನವರೆಗೆ ಇಳಿಸಿ, ಮೆಲ್ಲಗೆ ಬಿಟ್ಟು ಚಿಮ್ಮಟ ಹೊರಗೆ ತೆಗೆಯಬೇಕು. ಆತುರಪಟ್ಟು ಎಳೆದರೆ ಗಿಡವೂ ಜೊತೆಗೇ ಮೇಲೆ ಬರುತ್ತದೆ, ಮಣ್ಣೂ ಎದ್ದು ನೀರೆಲ್ಲ ಕೆಂಪು. ವ್ಯಾಲಿಸ್ನೇರಿಯಾದ ಬೇರು ಎಲೆ ಸೇರುವ ಬಿಳಿ ಬುಡ ಮಾತ್ರ ಜಲ್ಲಿಯಿಂದ ಮೇಲೇ ಇರಬೇಕು. ಮಗಳು ಸ್ಪ್ರೇ ಬಾಟಲಿಯಲ್ಲಿ ಎಲೆಗಳಿಗೆ ನೀರು ಚಿಮುಕಿಸುತ್ತ ಕೂತಳು, ಒಣಗಬಾರದೆಂದು. ಸಂಜೆಗೆ ನೆಟ್ಟು ಮುಗಿದಾಗ ಮುಕ್ಕಾಲು ನೆಲ ಹಸಿರಾಗಿತ್ತು. ಮೊದಲ ದಿನವೇ ಹೀಗೆ ಒತ್ತಾಗಿ ನೆಡಬೇಕು. ನಾಲ್ಕು ಗಿಡ ನೆಟ್ಟು ಆಮೇಲೆ ಹರಡಲಿ ಎಂದು ಬಿಟ್ಟರೆ ಖಾಲಿ ಜಾಗಕ್ಕೆ ಪಾಚಿ ಮೊದಲು ಬಂದು ಕೂರುತ್ತದೆ.

ನೀರು ತುಂಬಿಸಿದ್ದು ಅತ್ತೆ. ಜಲ್ಲಿಯ ಮೇಲೆ ಒಂದು ತಟ್ಟೆ ಇಟ್ಟು, ತಟ್ಟೆಯ ಮೇಲೆ ಸಣ್ಣ ಬಟ್ಟಲಿಟ್ಟು, ಚೊಂಬಿನಿಂದ ಆ ಬಟ್ಟಲಿಗೆ ಸಣ್ಣ ಧಾರೆ. ಬಟ್ಟಲು ತುಂಬಿ ತಟ್ಟೆಗೆ, ತಟ್ಟೆ ತುಂಬಿ ಜಲ್ಲಿಗೆ. ಅಭಿಷೇಕ ಮಾಡಿದ ಕೈ ಅದು, ಎಲ್ಲೂ ತಡವರಿಸಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಒಂದು ಎಳೆ ಮಣ್ಣೂ ಏಳಲಿಲ್ಲ.

ಇನ್ನು ಕಾಯುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಆರು ವಾರ ಎಣಿಸಿ ಮಗಳು ಕೆಂಪು ಸುತ್ತು ಹಾಕಿದಳು. ಅಂಗಡಿಯಿಂದ ಒಂದು ಅಮೋನಿಯಾ ಪರೀಕ್ಷೆಯ ಕಿಟ್ ತಂದೆವು. ಸಣ್ಣ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು ಹನಿ ಹಾಕಿ ಅಲುಗಿಸಿದರೆ, ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ಮೊದಲ ವಾರ ಕಡು ಹಸಿರು ಬಂತು. “ಮೀನೇ ಇಲ್ವಲ್ಲಮ್ಮ, ಇದು ಎಲ್ಲಿಂದ ಬಂತು?” ಎಂದಳು. ಮಣ್ಣಿನಿಂದ. ಮಣ್ಣಿನಲ್ಲಿ ಉಳಿದ ಎಲೆಚೂರು ಕೊಳೆಯುತ್ತಿತ್ತು. ಅವತ್ತು ಆ ನೀರಿನಲ್ಲಿ ಮೀನು ಇದ್ದಿದ್ದರೆ ದಾಸವಾಳದ ಕುಂಡವೇ ಗತಿಯಾಗುತ್ತಿತ್ತು. ವಾರಕ್ಕೆರಡು ಸಲ ಒಂದು ಬಕೆಟ್ ನೀರು ತೆಗೆದು ಒಂದು ಬಕೆಟ್ ಹಾಕಿದೆವು.

ಎರಡನೆಯ ವಾರ ಕ್ರಿಪ್ಟೋಕೊರೈನಿನ ಎಲೆಗಳೆಲ್ಲ ಲೋಳೆಯಾಗಿ ಕರಗಿಹೋದವು. ಇದನ್ನು ಮೊದಲೇ ಓದಿರದಿದ್ದರೆ ಕಿತ್ತು ಬಿಸಾಡುತ್ತಿದ್ದೆ. ನರ್ಸರಿಯಲ್ಲಿ ಇಂಥ ಗಿಡಗಳನ್ನು ಎಷ್ಟೋ ಸಲ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ನೀರಿಗಿಳಿದಾಗ ಅವು ಹಳೆಯ ಎಲೆ ಬಿಟ್ಟು ನೀರಿನೊಳಗೆ ಬಾಳುವ ಹೊಸ ಎಲೆ ಹುಟ್ಟಿಸಿಕೊಳ್ಳುತ್ತವೆ. ಬೇರು ಗಟ್ಟಿಯಿದ್ದರೆ ಸಾಕು. ಹತ್ತು ದಿನದ ಮೇಲೆ ಉಗುರಿನಷ್ಟು ಕಂದು ಚಿಗುರು ಕಂಡಿತು. ಅಷ್ಟರಲ್ಲಿ ಗಾಜಿನ ಮೇಲೆ ಕಂದು ಪುಡಿಯಂಥ ಪಾಚಿಯೂ ಬಂದಿತ್ತು. ಬೆರಳಲ್ಲಿ ಒರೆಸಿದರೆ ಹೋಗುವಂಥದ್ದು, ಹೊಸ ತೊಟ್ಟಿಗಳಿಗೆಲ್ಲ ಬಂದು ತಾನಾಗಿಯೇ ಹೋಗುತ್ತದೆ. ಎಷ್ಟು ಅದ್ದಿ ತೊಳೆದಿದ್ದರೂ ಗಿಡದ ಜೊತೆ ಬಂದ ಬಸವನಹುಳುವಿನ ಮೊಟ್ಟೆ ಒಡೆದು, ಸಾಸಿವೆ ಗಾತ್ರದ ಮರಿಗಳು ಆ ಪುಡಿಯನ್ನು ಮೇಯತೊಡಗಿದ್ದವು. ಅವನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ. ವಾರಿಂಗ್ಟನ್ ಹುಡುಕಿಕೊಂಡು ಹೋಗಿ ತಂದವರು ನಮ್ಮ ಮನೆಗೆ ತಾವಾಗಿಯೇ ಬಂದಿದ್ದರು.

ನಾಲ್ಕನೆಯ ವಾರದ ಒಂದು ಸಂಜೆ, ನಾಲ್ಕು ಗಂಟೆ ಇರಬೇಕು, ಮಗಳು ಕೂಗಿದಳು. ಹೈಡ್ರಿಲ್ಲಾದ ಎಲೆಯೆಲೆಯ ತುದಿಯಲ್ಲಿ ಬೆಳ್ಳಿ ಮಣಿಯಂಥ ಗುಳ್ಳೆ. ಒಂದು ಕಡ್ಡಿ ಮುರಿದಿದ್ದ ಕಡೆಯಿಂದ ಗುಳ್ಳೆಗಳ ಸರವೇ ದಾರ ಎಳೆದಂತೆ ಮೇಲಕ್ಕೆ ಹೋಗುತ್ತಿತ್ತು. ಗಿಡ ಬಿಡುವ ಆಮ್ಲಜನಕದಿಂದ ನೀರು ತುಂಬಿ, ಇನ್ನು ಕರಗಿಸಿಕೊಳ್ಳಲಾರೆ ಎಂದಾಗ ಹೀಗೆ ಮಣಿಗಟ್ಟುತ್ತದೆ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಸ್ಟೂಲ್ ಎಳೆದು ಕೂತರು. ದೀಪ ಆರುವವರೆಗೂ ಯಾರೂ ಟಿ.ವಿ. ಹಾಕಲಿಲ್ಲ.

ದೀಪದ ವಿಚಾರ ಚಿಕ್ಕದು. ಸಾದಾ ಎಲ್‌ಇಡಿ ಪಟ್ಟಿ, ಒಂದು ಟೈಮರ್ ಪ್ಲಗ್. ಮೊದಲ ತಿಂಗಳು ದಿನಕ್ಕೆ ಆರು ಗಂಟೆ, ಆಮೇಲೆ ಎಂಟು. ನಾನು ಅದನ್ನು ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಗಂಟೆಯಾಗಿ ಒಡೆದಿದ್ದೇನೆ. ವಾಲ್‌ಸ್ಟಡ್ ಹೇಳುವ ಮಧ್ಯಾಹ್ನದ ವಿರಾಮ ಇದು. ಆ ಹೊತ್ತಿನಲ್ಲಿ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತೆ ತುಂಬಿಕೊಳ್ಳುತ್ತದೆ. ಟೈಮರ್ ಇಲ್ಲದೆ ನೆನಪಿನ ಮೇಲೆ ದೀಪ ಹಾಕುವವರ ತೊಟ್ಟಿಗೆ ಪಾಚಿ ತಪ್ಪದು. ಇದರ ಜೊತೆ ಒಂದು ಸಣ್ಣ ಸ್ಪಂಜ್ ಫಿಲ್ಟರ್ ಇಟ್ಟಿದ್ದೇನೆ, ನೀರು ಅಲುಗಾಡುತ್ತಿರಲಿ ಎಂದು. ಕರೆಂಟು ಹೋದಾಗ ಅದು ನಿಲ್ಲುತ್ತದೆ. ಗಿಡ ಹೆಚ್ಚು, ಮೀನು ಕಡಿಮೆ ಇರುವ ತೊಟ್ಟಿಗೆ ಕೆಲವು ಗಂಟೆಗಳ ಕರೆಂಟ್ ಕಡಿತ ಲೆಕ್ಕಕ್ಕಿಲ್ಲ.

ಐದನೆಯ ವಾರ ನಳಿಕೆ ಹಳದಿ. ಆರನೆಯ ವಾರವೂ ಹಳದಿ. ನೈಟ್ರೈಟೂ ಇರಲಿಲ್ಲ.

ಮೀನು ಆರಿಸುವಾಗ ಅಂಗಡಿಯಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಚಿನ್ನದ ಮೀನು ಅಂಗೈ ಮೀರಿ ಬೆಳೆಯುತ್ತದೆ, ತುಂಬ ಕೊಳೆ ಮಾಡುತ್ತದೆ, ಮೆದು ಗಿಡಗಳನ್ನು ತಿನ್ನುತ್ತದೆ. ಎರಡಡಿಯ ತೊಟ್ಟಿ ಅದಕ್ಕೆ ಸೆರೆಮನೆ. ‘ಟ್ಯಾಂಕ್ ಕ್ಲೀನರ್’ ಎಂದು ಮಾರುವ, ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಬೆರಳುದ್ದ ಇರುವಾಗ ತಂದದ್ದು ಒಂದಡಿ ದಾಟುತ್ತದೆ. ಕೊನೆಗೆ ಸಾಕಲಾರದವರು ಕೆರೆಗೆ ಬಿಟ್ಟು, ಇವತ್ತು ದಕ್ಷಿಣ ಭಾರತದ ಎಷ್ಟೋ ನೀರಿನಲ್ಲಿ ಅದು ಬಲೆಗೆ ಬೀಳುತ್ತಿದೆ. ‘ಮಿಸ್ ಕೇರಳ’ ಎಂಬ ಕೆಂಪು ಗೆರೆಯ ಚೆಲುವೆ ಕೇರಳದ ಮತ್ತು ನಮ್ಮ ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳದ್ದು. ಅಕ್ವೇರಿಯಂ ವ್ಯಾಪಾರಕ್ಕೆಂದು ಹಿಡಿದೂ ಹಿಡಿದೂ ಅಳಿವಿನಂಚಿಗೆ ಬಂದಿದೆ. ಚಿಕ್ಕ ತೊಟ್ಟಿಗೆ ಅದು ಹೇಳಿದ್ದೂ ಅಲ್ಲ. ಇನ್ನು ಬೆಟ್ಟಾ ಮೀನನ್ನು ಗ್ಲಾಸಿನಷ್ಟು ನೀರಿನಲ್ಲಿ ಸಾಲಾಗಿ ಇಟ್ಟು ಮಾರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗಾಳಿಯನ್ನು ನೇರವಾಗಿ ಸೇವಿಸಬಲ್ಲದು ಎಂಬ ಒಂದೇ ಕಾರಣಕ್ಕೆ ಅದಕ್ಕೆ ಈ ಶಿಕ್ಷೆ. ಗಿಡ ತುಂಬಿದ ತೊಟ್ಟಿಯಲ್ಲಿ ಒಂದೇ ಒಂದು ಬೆಟ್ಟಾ ಬಿಟ್ಟು ನೋಡಿ, ಎಲೆಯ ಮೇಲೆ ಒರಗಿ ಮಲಗುವುದನ್ನೂ ಅದಕ್ಕೆ ಕಲಿಸಬೇಕಾಗಿಲ್ಲ.

ನಮ್ಮ ಗಡಸು ನೀರಿಗೆ ಗಪ್ಪಿ ಹೇಳಿ ಮಾಡಿಸಿದ ಮೀನು. ಬರೀ ಗಂಡು ತಂದೆವು. ಗಪ್ಪಿ ಮೊಟ್ಟೆಯಿಡದು, ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಹೆಣ್ಣು ಒಮ್ಮೆ ಕೂಡಿದರೆ ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಒಂದು ಹೆಣ್ಣು ಬಂದರೂ ತೊಟ್ಟಿ ತುಂಬಿಹೋಗುತ್ತದೆ. ಮೊದಲು ಮೂರು ಗಂಡು, ಎರಡು ವಾರ ಬಿಟ್ಟು ಇನ್ನು ಮೂರು. 40 ಲೀಟರಿಗೆ ಆರು. ಅಂಗಡಿಯವರು ಇಪ್ಪತ್ತು ಬಿಡಬಹುದು ಎಂದರು. ಗಪ್ಪಿ ಬೇಡದವರಿಗೆ ಜೀಬ್ರಾ ಮೀನು ಇದೆ. ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಸಾಕುವ ಈ ಪಟ್ಟೆಪಟ್ಟೆಯ ಮೀನು ನಮ್ಮದೇ ಉಪಖಂಡದ ತೊರೆಗಳದ್ದು, ಗಟ್ಟಿ ಜೀವ. ತಂದ ಕವರನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಸಿ, ಲೋಟಲೋಟವಾಗಿ ತೊಟ್ಟಿಯ ನೀರು ಬೆರೆಸಿ, ಆಮೇಲೆ ಮೀನನ್ನಷ್ಟೇ ಒಳಗೆ ಬಿಡಬೇಕು. ಕವರಿನ ನೀರು ಬೇಡ.

ಊಟದ ವಿಷಯದಲ್ಲಿ ನಾವೆಲ್ಲ ಶೃಂಗೇರಿಯ ತುಂಗೆಯ ಘಟ್ಟದಲ್ಲಿ ನಿಂತು ಮಂಡಕ್ಕಿ ಎಸೆದು ಬೆಳೆದವರು. ಮೀನಿಗೆ ತಿನ್ನಿಸುವುದು ಪುಣ್ಯ ಎಂಬುದು ರಕ್ತದಲ್ಲೇ ಇದೆ. ಅಲ್ಲಿ ತುಂಗೆ ಹರಿಯುತ್ತಾಳೆ, ಉಳಿದದ್ದನ್ನು ಕೊಂಡೊಯ್ಯುತ್ತಾಳೆ. ತೊಟ್ಟಿಯಲ್ಲಿ ಹಾಕಿದ ಒಂದು ಚಿಟಿಕೆ ಹೆಚ್ಚಾದರೂ ಅದು ಅಲ್ಲೇ ಅಮೋನಿಯಾ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದೇ ಸಲ. ಶನಿವಾರ ಅತ್ತೆಯ ಒಪ್ಪೊತ್ತು. ಮೀನಿಗೆ ಅವತ್ತು ಪೂರ್ತಿ ಉಪವಾಸ. ಹೋದ ದೀಪಾವಳಿಗೆ ನಾವೆಲ್ಲ ಎಂಟು ದಿನ ಊರಿಗೆ ಹೋಗಿದ್ದೆವು. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಗಿಡಗಳಿಗೆ ನೀರು ಹಾಕಲು ಹೇಳಿದೆ, ಮೀನಿಗೆ ಮಾತ್ರ ಏನೂ ಹಾಕಬೇಡಿ ಎಂದು ಕೈಮುಗಿದು ಹೇಳಿದೆ. ಬಂದು ನೋಡಿದರೆ ಆರೂ ಇದ್ದವು, ಎಲೆಗಳ ಮೇಲಿನ ಪಾಚಿ ಕೆದಕಿ ತಿನ್ನುತ್ತಿದ್ದವು.

ಈಗಿನ ಕೆಲಸ ಇಷ್ಟೇ. ವಾರಕ್ಕೊಮ್ಮೆ ಮುಂದಿನ ಗಾಜು ಒರೆಸುವುದು, ಹೆಚ್ಚಾದ ಸಾಲ್ವೀನಿಯಾ ತೆಗೆಯುವುದು. ಹದಿನೈದು ದಿನಕ್ಕೊಮ್ಮೆ ಪೈಪಿನಲ್ಲಿ ಒಂದು ಬಕೆಟ್ ನೀರು ಇಳಿಸಿ ಹೊಸ ನೀರು ಹಾಕುವುದು. ಆರಿಹೋದಷ್ಟು ನೀರು ತುಂಬುತ್ತಿದ್ದರೆ ಸಾಲದು. ಆರುವುದು ನೀರು ಮಾತ್ರ, ಬೋರ್‌ವೆಲ್ಲಿನ ಲವಣ ಅಲ್ಲೇ ಉಳಿದು ಕೂಡುತ್ತ ಹೋಗುತ್ತದೆ. ಸ್ಪಂಜನ್ನು ತಿಂಗಳಿಗೊಮ್ಮೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡುವುದು, ನಲ್ಲಿಯ ಕೆಳಗೆ ಹಿಡಿಯಬಾರದು. ತೆಗೆದ ನೀರು ಕರಿಬೇವಿನ ಕುಂಡಕ್ಕೆ. ನೈಟ್ರೇಟ್ ಕುಡಿದು ಕರಿಬೇವು ಈ ವರ್ಷ ಕಿಟಕಿ ಮುಚ್ಚಿದೆ. ನಮ್ಮ ಬೀದಿಯ ಕಾಡುಬಾದಾಮಿ ಮರದ ಒಣಗಿ ಉದುರಿದ ಒಂದು ಎಲೆಯನ್ನು ತೊಳೆದು ಆಗಾಗ ಹಾಕುತ್ತೇನೆ. ಅದರ ಒಗರು ಇಳಿದು ನೀರಿಗೆ ತೆಳು ಚಹಾದ ಬಣ್ಣ ಬರುತ್ತದೆ. ಬಸವನಹುಳುಗಳು ಎಲೆಯನ್ನು ಸವಿದು, ನರದ ಜಾಲರಿಯೊಂದನ್ನೇ ಉಳಿಸುತ್ತವೆ.

ಒಂದು ವಿಷಯವನ್ನು ಮಾತ್ರ ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸದು. ಹೆಚ್ಚಾದ ಗಿಡವನ್ನಾಗಲಿ, ಬೇಡವಾದ ಮೀನನ್ನಾಗಲಿ ಕೆರೆಗೆ, ಕಾಲುವೆಗೆ, ಚರಂಡಿಗೆ ಬಿಡಬೇಡಿ. ಹಿಡಿಯಷ್ಟು ಸಾಲ್ವೀನಿಯಾ ಕೆರೆಯನ್ನೇ ಮುಚ್ಚಬಲ್ಲದು. ತೆಗೆದ ಗಿಡವನ್ನು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಕುಂಡದ ಮಣ್ಣಿಗೆ ಸೇರಿಸಿ. ಮೀನನ್ನು ಸಾಕುವವರಿಗೆ ಕೊಡಿ.

ಹೋದ ತಿಂಗಳು ಬೆಳಿಗ್ಗೆ ದೀಪ ಹೊತ್ತಿದಾಗ, ವ್ಯಾಲಿಸ್ನೇರಿಯಾದ ನಡುವಿನಿಂದ ಹೊಲಿಗೆ ದಾರದಷ್ಟು ತೆಳುವಾದ ತೊಟ್ಟೊಂದು ಸುರುಳಿ ಸುರುಳಿಯಾಗಿ ಮೇಲೆದ್ದಿತ್ತು. ತುದಿಯಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ, ಅಕ್ಕಿಕಾಳಿಗಿಂತ ಸಣ್ಣ ಬಿಳಿ ಹೂ. ಇದು ಹೆಣ್ಣು ಹೂ. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಗಿಡದ ಬುಡದಲ್ಲಿ ಹುಟ್ಟುವ ಮೊಗ್ಗುಗಳು ಕಳಚಿಕೊಂಡು ಮೇಲೆ ಬಂದು, ಅಲ್ಲಿ ಅರಳಿ, ಪುಟ್ಟ ದೋಣಿಗಳ ಹಾಗೆ ತೇಲುತ್ತ ಹೆಣ್ಣು ಹೂವಿಗೆ ಬಂದು ತಾಗುತ್ತವೆ. ಆಮೇಲೆ ತೊಟ್ಟಿನ ಸುರುಳಿ ಬಿಗಿದು ಕಾಯನ್ನು ನೀರಿನಡಿಗೆ ಎಳೆದುಕೊಳ್ಳುತ್ತದೆ. ನಮ್ಮ ತೊಟ್ಟಿಯ ಗಿಡಗಳೆಲ್ಲ ಒಂದೇ ತಾಯಿಬೇರಿನ ಹಂಬಿನಿಂದ ಹರಡಿದವು, ಹಾಗಾಗಿ ಎಲ್ಲವೂ ಹೆಣ್ಣೇ. ಹೂ ನಾಲ್ಕು ದಿನ ಹಾಗೇ ನೀರಿನ ಮೇಲೆ ನಿಂತಿತ್ತು.

ಮಹಡಿ ಮೇಲಿನ ಮನೆಯವರ ತೊಟ್ಟಿಯ ಗಿಡ ಬೇರೆ ಊರಿನಿಂದ ತಂದದ್ದಂತೆ. ಮಗಳು ಹೋಗಿ, “ಆಂಟಿ, ನಿಮ್ಮದು ಗಂಡೋ ಹೆಣ್ಣೋ?” ಎಂದು ಕೇಳಿ, ಒಂದು ಸಸಿಯನ್ನು ಒದ್ದೆ ಪೇಪರಿನಲ್ಲಿ ಸುತ್ತಿ ತಂದಿದ್ದಾಳೆ. ಎಡಮೂಲೆಯಲ್ಲಿ ನೆಟ್ಟು ಇವತ್ತಿಗೆ ಹದಿನೆಂಟು ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.